ನಿಮ್ಮ ಉಗ್ರಾಣದಲ್ಲಿರುವ ನಮ್ಮಕ್ಕನ ಪೆಡಲ್

ಸ್ಪರ್ಧಾ ಆಯೋಗದ ಮಾನ್ಯ ಅಧ್ಯಕ್ಷರೇ,

ನಮ್ಮಕ್ಕನ ಪೆಡಲ್ ಏಳು ತಿಂಗಳಿಂದ ನಿಮ್ಮ ಕಚೇರಿಯ ಉಗ್ರಾಣದಲ್ಲಿ ಬಿದ್ದಿದೆ. ತಪಾಸಣೆಗೆಂದು ಏಳು ದಿನಗಳ ಮಟ್ಟಿಗೆ ಕೇಳಿದಿರಿ, ಕೊಟ್ಟೆವು. ಕಳೆದ ವಾರ ನಿಮ್ಮ ಆದೇಶ ಬಂತು, ಪೆಡಲ್ ಬರಲಿಲ್ಲ. ಆದೇಶದ ಸಾರ ಇಷ್ಟು: ಗೇಮ್ ಕನ್ಸೋಲ್ ಮಾರುವ ಕಂಪನಿ ಯಾವ ತಪ್ಪೂ ಮಾಡಿಲ್ಲ, ತಪ್ಪು ಮಾಡಿದವರು ಪೆಡಲ್ ಕಟ್ಟಿಕೊಟ್ಟ ನಮ್ಮ ಸೋದರಮಾವ. ದೂರು ಕೊಡಲು ಹೋದವರು ಆರೋಪಿಗಳಾಗಿ ಮನೆಗೆ ಮರಳುವ ಈ ವ್ಯವಸ್ಥೆಯನ್ನು ಇಷ್ಟು ಅಚ್ಚುಕಟ್ಟಾಗಿ ನಡೆಸುತ್ತಿರುವುದಕ್ಕೆ ಮೊದಲು ನಿಮಗೆ ಅಭಿನಂದನೆ.

ಗೇಮ್ ಎಂದರೆ ಮಕ್ಕಳಾಟ, ಅದಕ್ಕೇಕೆ ಇಷ್ಟು ರಂಪ ಎಂದು ನಿಮಗೆ ಅನ್ನಿಸಿರಬಹುದು. ವಿಚಾರಣೆಯ ದಿನ ನಿಮ್ಮ ಬಲಕ್ಕೆ ಕೂತಿದ್ದ ಸದಸ್ಯರು ಕಡತದಿಂದ ಬಾಯಿ ಮುಚ್ಚಿಕೊಂಡು ನಕ್ಕದ್ದನ್ನು ನಾನು ಕಂಡಿದ್ದೇನೆ. ಹಾಗಾಗಿ ಆ ದಿನ ಯಾರೂ ಕೇಳದ್ದನ್ನು ಇಲ್ಲಿ ಹೇಳುತ್ತೇನೆ.

ನಮ್ಮಕ್ಕ ಹನ್ನೊಂದು ವರ್ಷ ಸಿದ್ಧ ಉಡುಪಿನ ಕಾರ್ಖಾನೆಯಲ್ಲಿ ಹೊಲಿಗೆ ಯಂತ್ರದ ಮುಂದೆ ಕೂತವಳು. ಅವಳ ಪಾಲಿಗೆ ಬಂದದ್ದು ಕಾಲರ್. ದಿನಕ್ಕೆ ನಾನೂರು ಕಾಲರ್, ಒಂದೊಂದಕ್ಕೂ ಎರಡು ಮೂಲೆ. ಒಂದು ಬೆಳಿಗ್ಗೆ ಬಟ್ಟೆ ಕತ್ತರಿಸುವ ವಿಭಾಗದಲ್ಲಿ ಜನ ಕಡಿಮೆ ಎಂದು ಅವಳನ್ನು ಅಲ್ಲಿಗೆ ಕಳಿಸಿದರು. ಉಕ್ಕಿನ ಕೈಗವಸು ಇದ್ದದ್ದು ಒಂದೇ ಜೊತೆ. ಅದು ಕಳೆದುಹೋಗಬಾರದೆಂದು ಮೇಲ್ವಿಚಾರಕರು ಬೀರುವಿನಲ್ಲಿಟ್ಟು ಬೀಗ ಹಾಕಿದ್ದರು. ಕೈಗವಸು ಕಳೆಯಲಿಲ್ಲ. ಅಕ್ಕನ ಬಲಗೈಯ ನಾಲ್ಕು ಬೆರಳು ಹೋದವು.

ಆಮೇಲೆ ಒಂದು ವರ್ಷ ಅವಳು ಗೋಡೆಗೆ ಮುಖ ಮಾಡಿ ಮಲಗಿದಳು. ಸಾಹಿತ್ಯ ಓದಿದ ನಾನು ಅವಳಿಗೆ ಕಾದಂಬರಿ ಓದಿ ಹೇಳಲು ಹೋದೆ. "ಅಳೋರ ಕತೆ ಬೇಡ ಕಣೇ, ಅದು ನಂಗೇ ಬರುತ್ತೆ" ಅಂದಳು. ಮನೆಪಾಠದ ದುಡ್ಡು ಕೂಡಿಸಿ ಒಂದು ಕನ್ಸೋಲ್ ತಂದೆ. ಕಾರ್ ಓಡಿಸುವ ಆಟ. ಅದರ ಕಂಟ್ರೋಲರ್ ಹತ್ತು ಬೆರಳಿನವರಿಗೆ ಮಾಡಿದ್ದು. ಎರಡು ದಿನ ಪ್ರಯತ್ನಿಸಿ ಮೂರನೆಯ ದಿನ ಅದನ್ನು ಮಂಚದ ಕೆಳಗೆ ಎಸೆದಳು.

ಅದನ್ನು ಮಂಚದ ಕೆಳಗಿಂದ ಎಳೆದವರು ಮಾವ. ನಮ್ಮ ಮಾವ ಹೊಲಿಗೆ ಯಂತ್ರ ರಿಪೇರಿ ಮಾಡುವವರು. ಮಾರುಕಟ್ಟೆಯ ಹಿಂದಿನ ಓಣಿಯಲ್ಲಿ, ಇಬ್ಬರು ನಿಂತರೆ ಮೂರನೆಯವರು ಹೊರಗೆ ನಿಲ್ಲಬೇಕಾದಷ್ಟು ದೊಡ್ಡ ಅಂಗಡಿ. ಕಂಟ್ರೋಲರನ್ನು ತಿರುಗಿಸಿ ಮುರುಗಿಸಿ ನೋಡಿ, "ಏನೇ, ಹೋಗಿದ್ದು ಕೈ ತಾನೇ? ಕಾಲಿಗೇನು ರೋಗ ಬಂದಿದೆ?" ಎಂದು ಅಕ್ಕನನ್ನು ಗದರಿದರು. ಒಂದು ವಾರದಲ್ಲಿ ಹೊಲಿಗೆ ಯಂತ್ರದ ಮೋಟರಿನ ಕಾಲು ಪೆಡಲನ್ನು ಕಂಟ್ರೋಲರಿನ ಹೊಟ್ಟೆಗೆ ಜೋಡಿಸಿದರು. ಮುಂಗಾಲಿಗೆ ವೇಗ, ಹಿಮ್ಮಡಿಗೆ ಬ್ರೇಕು, ಕಾರು ತಿರುಗಿಸಲು ಎಡಗೈಗೆ ಮರದ ಒಂದು ಗುಬುಟು. ಅಷ್ಟೇ.

ಅಕ್ಕ ಪೆಡಲಿನ ಮೇಲೆ ಕಾಲಿಟ್ಟಳು. ಕಾಲಿಗೆ ಎಲ್ಲ ನೆನಪಿತ್ತು. ಕೂದಲೆಳೆಯಷ್ಟು ಒತ್ತಿದರೆ ಎಷ್ಟು, ಬೆರಳಗಲ ಒತ್ತಿದರೆ ಎಷ್ಟು ಎಂಬುದು ಹನ್ನೊಂದು ವರ್ಷ ಮೈಯಲ್ಲಿ ಇಳಿದ ಲೆಕ್ಕ. "ಕಾಲರ್ ತಿರುವಿದ ಹಾಗೇ ಕಣೇ ಇದು. ಮೂಲೆ ಬರೋಕೆ ಮುಂಚೆ ಕಾಲು ಸಡಿಲ ಬಿಡಬೇಕು, ದಾಟಿದ ಮೇಲೆ ಒತ್ತಬೇಕು. ಈ ಹುಡುಗರು ನೋಡು, ಮೂಲೆಯಲ್ಲೇ ಒತ್ತಿ ಗೋಡೆಗೆ ಗುದ್ದುತಾವೆ, ಹೊಸದಾಗಿ ಕೆಲಸಕ್ಕೆ ಸೇರಿದೋರ ಥರ!" ಎಂದು ನಕ್ಕಳು. ಆ ನಗು ಕೇಳಿ ಅಡುಗೆಮನೆಯಿಂದ ಅಮ್ಮ ಕೈಯಲ್ಲಿ ಸೌಟು ಹಿಡಿದೇ ಓಡಿಬಂದರು.

ಆರು ತಿಂಗಳಲ್ಲಿ ಅವಳು ಹೆಂಗಸರದೇ ಒಂದು ಆನ್‌ಲೈನ್ ತಂಡ ಸೇರಿದಳು. ಬೇರೆ ಬೇರೆ ಊರಿನ ಆರು ಜನ. ಒಬ್ಬರು ನರ್ಸು, ಒಬ್ಬರು ಲಾರಿ ಓಡಿಸುವವರು, ಉಳಿದವರ ಪರಿಚಯ ನನಗಿಲ್ಲ. ಅಕ್ಕನನ್ನು ಎಲ್ಲರೂ ಟೈಲರಕ್ಕ ಎಂದು ಕರೆಯುತ್ತಿದ್ದರು. ಭಾನುವಾರ ಬೆಳಿಗ್ಗೆ ಹತ್ತಕ್ಕೆ ಪಂದ್ಯ. ಯಾರಿಗೂ ಮುಖ ಕಾಣಿಸದ ಆಟಕ್ಕೆ ಅವಳು ಎಡಗೈಯಲ್ಲೇ ತಲೆ ಬಾಚಿಕೊಂಡು ಕೂರುತ್ತಿದ್ದಳು.

ಈ ವರ್ಷ ಮಾರ್ಚ್ ಮೊದಲ ವಾರ ಪರದೆಯ ಮೇಲೆ ಒಂದು ಸೂಚನೆ ಬಂತು. "ಅನಧಿಕೃತ ಪರಿಕರ ಜೋಡಣೆಯಾಗಿದೆ. ಹದಿನಾಲ್ಕು ದಿನಗಳ ನಂತರ ಇದರ ಬಳಕೆಯನ್ನು ನಿರ್ಬಂಧಿಸಲಾಗುವುದು." ಮೋಸದಾಟ ತಡೆಯಲು ಈ ಕ್ರಮ ಎಂದು ಕಂಪನಿ ಹೇಳಿತು. ನಾಲ್ಕು ಬೆರಳು ಇಲ್ಲದ ಹೆಂಗಸು ಮಾಡುವ ಮೋಸ ಯಾವುದು ಎಂದು ಪತ್ರ ಬರೆದು ಕೇಳಿದೆ. "ನಮ್ಮ ಅಧಿಕೃತ ವಿಶೇಷ ಕಂಟ್ರೋಲರನ್ನು ಬಳಸಿ ಆನಂದಿಸಿ" ಎಂಬ ಉತ್ತರ ಬಂತು. ಆ ಅಧಿಕೃತ ಸಾಧನದ ಬೆಲೆ ಕನ್ಸೋಲಿನ ಒಂದೂವರೆ ಪಟ್ಟು. ಅದೂ ನಮ್ಮ ದೇಶದಲ್ಲಿ ಮಾರಾಟಕ್ಕೇ ಇಲ್ಲ. ಬೇರೆಯವರು ಇಂಥದ್ದನ್ನು ಮಾಡಿ ಮಾರಬೇಕೆಂದರೆ ಕಂಪನಿಯ ಪರವಾನಗಿ ಬೇಕು. ಅದರ ಶುಲ್ಕದಲ್ಲಿ ಮಾವನ ಓಣಿಯನ್ನೇ ಕೊಳ್ಳಬಹುದು. ತಾನು ಮಾರುವುದಿಲ್ಲ, ಇನ್ನೊಬ್ಬರು ಮಾಡಿದರೆ ಬಿಡುವುದಿಲ್ಲ. ಇದಕ್ಕೆ ನಿಮ್ಮ ಕಾಯ್ದೆಯಲ್ಲಿ ಏನೋ ಹೆಸರಿದೆಯಂತೆ. ನಮ್ಮ ಕಡೆ ಇದಕ್ಕೆ ತಾನೂ ತಿನ್ನ, ಪರರಿಗೂ ಕೊಡ ಅನ್ನುತ್ತಾರೆ.

ಮಾರ್ಚ್ ಇಪ್ಪತ್ತರಂದು ನಿಮ್ಮ ಆಯೋಗಕ್ಕೆ ದೂರು ಬರೆದೆ. ಅದಕ್ಕೆ ನಿಮ್ಮ ಆದೇಶ ಕೊಟ್ಟ ಉತ್ತರ: "ದೂರುದಾರರಿಗೆ ಮಾರುಕಟ್ಟೆಯಲ್ಲಿ ಪರ್ಯಾಯ ಉತ್ಪನ್ನ ಲಭ್ಯವಿದೆ." ಹೌದು, ಇನ್ನೊಂದು ಕಂಪನಿಯ ಕನ್ಸೋಲ್ ಇದೆ. ಅಕ್ಕ ದುಡ್ಡು ಕೊಟ್ಟು ಕೊಂಡ ಹದಿನಾರು ಆಟಗಳಲ್ಲಿ ಒಂದೂ ಅದರಲ್ಲಿ ಓಡುವುದಿಲ್ಲ. ಅವುಗಳನ್ನು ಮರುಮಾರಾಟ ಮಾಡುವಂತಿಲ್ಲ, ಯಾರಿಗೂ ಕೊಡುವಂತಿಲ್ಲ. ತಂಡದವರು ಇರುವುದು ಇದರಲ್ಲಿ, ಅದರಲ್ಲಲ್ಲ. ಮನೆ ಬದಲಿಸಬಹುದು, ಆದರೆ ಪಾತ್ರೆಪಡಗ, ಹಾಸಿಗೆ, ನೆರೆಹೊರೆ ಎಲ್ಲ ಇಲ್ಲೇ ಬಿಟ್ಟು ಹೋಗಿ ಎಂದಂತೆ. ಇದು ಆಯ್ಕೆಯೇ, ಅಧ್ಯಕ್ಷರೇ? ಅದನ್ನೂ ಬಿಡಿ. ಎರಡೂ ಕಂಪನಿಗಳು ಆಗಸ್ಟಿನಲ್ಲಿ, ಒಂದೇ ವಾರದಲ್ಲಿ ಬೆಲೆ ಏರಿಸಿದವು. ಆನ್‌ಲೈನ್ ಆಡುವ ಚಂದಾ ಹಣವನ್ನೂ ಏರಿಸಿದವು. ಮೊದಲನೆಯದು ಪರಿಕರಗಳಿಗೆ ಬೀಗ ಹಾಕಿದ ನಾಲ್ಕು ತಿಂಗಳಿಗೆ ಎರಡನೆಯದೂ ಹಾಕಿತು. ಅಂಗಡಿ ಎರಡು, ಬೀಗ ಒಂದೇ. ಸ್ಪರ್ಧೆ ಎಲ್ಲಿದೆ ಎಂದು ಹುಡುಕಲು ನಿಮಗೆ ಏಳು ತಿಂಗಳು ಬೇಕಾಯಿತು, ಕೊನೆಗೂ ಅದು ನಿಮಗೆ ಸಿಕ್ಕಿತು. ಎಲ್ಲಿ ಸಿಕ್ಕಿತೆಂದು ದಯವಿಟ್ಟು ನಮಗೂ ತೋರಿಸಿ. ಕೊಡ ಅಗ್ಗಕ್ಕೆ ಕೊಟ್ಟು ಹಗ್ಗಕ್ಕೆ ದಿನದಿನವೂ ಸುಲಿಯುವುದು, ಬೇರೆ ಹಗ್ಗ ಕಟ್ಟಿದರೆ ಬಾವಿಗೆ ಮುಚ್ಚಳ ಹಾಕುವುದು, ಇದು ವ್ಯಾಪಾರವೆಂದು ನೀವು ನಿಜಕ್ಕೂ ನಂಬುತ್ತೀರಾ?

ಈಗ ಪೆಡಲಿನ ವಿಷಯಕ್ಕೆ ಬರುತ್ತೇನೆ. ಆನ್‌ಲೈನ್ ಪಂದ್ಯ ನಿಂತ ಮೇಲೂ ಅಕ್ಕ ಕನ್ಸೋಲಿನ ಇಂಟರ್ನೆಟ್ ತೆಗೆದು, ಹೊಸ ಅಪ್‌ಡೇಟ್ ಇಳಿಯದಂತೆ ಮಾಡಿ, ಒಬ್ಬಳೇ ಅಭ್ಯಾಸ ಮಾಡುತ್ತಿದ್ದಳು. ಬೀಗ ತೆಗೆದ ದಿನ ಕಾಲು ಜಡವಾಗಿರಬಾರದು ಎಂಬುದು ಅವಳ ಆಸೆ. ಅಂಥದ್ದರಲ್ಲಿ ಪರಿಕರವನ್ನು ಹಾಜರುಪಡಿಸಿ ಎಂದು ನಿಮ್ಮ ಪತ್ರ ಬಂತು. ಇದ್ದದ್ದು ಅದೊಂದೇ. ಏಪ್ರಿಲ್ ಹನ್ನೊಂದರ ಬೆಳಿಗ್ಗೆ ಮಾವ ಅದನ್ನು ಒರೆಸಿ, ಎಣ್ಣೆ ಬಿಟ್ಟು, ತಿರುಗಿಸಿ ಹಿಡಿದು, ತಳದಲ್ಲಿ ಮೊಳೆಯಿಂದ ಒಂದು ಸೂಜಿಯ ಚಿತ್ರ ಕೆತ್ತಿ ಕೆಳಗೆ ಅಂದಿನ ತಾರೀಕು ಹಾಕಿದರು.

ಇದು ಅವರ ಕಸುಬಿನ ಪದ್ಧತಿ. ಅಂಗಡಿಯಿಂದ ಹೊರಗೆ ಹೋಗುವ ಪ್ರತಿ ಯಂತ್ರದ ತಳದಲ್ಲೂ ಸೂಜಿ ಗುರುತು, ತಾರೀಕು. ಮನೆಯ ವಸ್ತುವಿಗೆ ಹಾಕುವುದಿಲ್ಲ. ಪೆಡಲ್ ಅಲ್ಲಿಯವರೆಗೆ ಮನೆಯದ್ದಾಗಿತ್ತು, ಅಂದು ಹೊರಗೆ ಹೊರಟಿತ್ತು. "ಯಾಕೆ ಮಾವ?" ಎಂದು ಕೇಳಿದೆ. "ದೊಡ್ಡೋರ ಕೈಗೆ ಹೋಗ್ತಿದೆ. ಅಲ್ಲಿ ಕೆಟ್ಟರೆ ಯಾರ ಹತ್ರ ತರಬೇಕು ಅಂತ ಅವರಿಗೆ ಗೊತ್ತಾಗಬೇಕಲ್ಲವಾ?" ಅಂದರು.

ನಿಮ್ಮ ಉಗ್ರಾಣದ ಗುಮಾಸ್ತರು ಅದನ್ನು ಎತ್ತಿ ನೋಡಿ, "ಏನಮ್ಮ ಇದು? ಗೇಮ್ ಅಂದ್ರಲ್ಲ, ಹೊಲಿಗೆ ಮಿಷಿನ್ನು ತಂದಿದೀರಾ?" ಎಂದರು. ಮಾವ ನಕ್ಕು, "ಸ್ವಾಮಿ, ಬೇಕಾದ್ರೆ ನಿಮ್ಮ ಪ್ಯಾಂಟೂ ಹೊಲಿಯುತ್ತೆ" ಅಂದರು. ಗುಮಾಸ್ತರೂ ನಕ್ಕರು. ನಿಮ್ಮ ಕಟ್ಟಡದಲ್ಲಿ ನಮ್ಮೊಂದಿಗೆ ಮನುಷ್ಯರಂತೆ ಮಾತಾಡಿದವರು ಅವರೊಬ್ಬರೇ.

ವಿಚಾರಣೆಯಲ್ಲಿ ಕಂಪನಿಯ ವಕೀಲರು ಪೆಡಲನ್ನು ಬೋರಲು ಹಾಕಿ ಆ ಸೂಜಿಯನ್ನು ತೋರಿಸಿದರು. ಇದು ವ್ಯಾಪಾರ ಚಿಹ್ನೆ, ಇದು ತಯಾರಿಕಾ ದಿನಾಂಕ, ಆದ್ದರಿಂದ ಈ ವ್ಯಕ್ತಿ ಪರವಾನಗಿಯಿಲ್ಲದ ತಯಾರಕ ಎಂದರು. ನೀವು ತಲೆದೂಗಿದಿರಿ. ಆದೇಶದಲ್ಲೂ ಹಾಗೇ ಬರೆದಿರಿ: ಸದರಿ ಪರಿಕರವು ಏಪ್ರಿಲ್ ಹನ್ನೊಂದರಂದು ತಯಾರಾಗಿದೆ, ತಯಾರಕರು ಇನ್ನು ಮುಂದೆ ಇಂತಹ ಯಾವುದೇ ಪರಿಕರ ತಯಾರಿಸತಕ್ಕದ್ದಲ್ಲ. ಅಧ್ಯಕ್ಷರೇ, ನಮ್ಮ ದೂರಿನ ಮೇಲೆ ನಿಮ್ಮದೇ ಕಚೇರಿ ಒತ್ತಿದ ಮೊಹರು ಮಾರ್ಚ್ ಇಪ್ಪತ್ತರದು. ಕೂಸು ಹುಟ್ಟುವ ಮುಂಚೆ ಕುಲಾವಿ ಹೊಲಿಸಿದವರ ಬಗ್ಗೆ ಕೇಳಿದ್ದೇನೆ. ಹುಟ್ಟುವುದಕ್ಕೆ ಮೂರು ವಾರ ಮೊದಲೇ ಕೂಸು ಆಯೋಗಕ್ಕೆ ದೂರು ಕೊಟ್ಟಿದ್ದನ್ನು ನಿಮ್ಮ ಆದೇಶದಲ್ಲೇ ಮೊದಲು ಓದಿದ್ದು. ಎರಡು ಕಾಗದವನ್ನು ಪಕ್ಕಪಕ್ಕ ಇಟ್ಟು ನೋಡುವಷ್ಟು ಪುರುಸೊತ್ತು ಆ ದೊಡ್ಡ ಮೇಜಿನ ಹಿಂದೆ ಕೂತ ಮೂವರಲ್ಲಿ ಒಬ್ಬರಿಗೂ ಇರಲಿಲ್ಲವೇ?

ಅಂದು ನೀವು ನನ್ನತ್ತ ತಿರುಗಿ, "ಏನಾದರೂ ಹೇಳುವುದಿದೆಯೇ?" ಎಂದು ಕೇಳಿದಿರಿ. ಹೇಳುವುದು ಬೇಕಾದಷ್ಟಿತ್ತು. ನಾಲ್ಕು ಜನರ ಮುಂದೆ ನಿಂತರೆ ನನ್ನ ನಾಲಿಗೆ ಹೊರಳುವುದಿಲ್ಲ, ಹುಟ್ಟುಗುಣ. ಇಲ್ಲವೆಂದು ತಲೆಯಾಡಿಸಿದೆ. ಅದನ್ನು ನೀವು "ದೂರುದಾರರ ಆಕ್ಷೇಪಣೆ ಇಲ್ಲ" ಎಂದು ದಾಖಲಿಸಿಕೊಂಡಿರಿ. ನನ್ನ ಅಂಜಿಕೆಯನ್ನು ಒಪ್ಪಿಗೆ ಎಂದು ಬರೆದುಕೊಳ್ಳಲು ನಿಮಗೆ ಅಧಿಕಾರ ಕೊಟ್ಟವರು ಯಾರು?

ಆದೇಶವನ್ನು ಮನೆಯಲ್ಲಿ ಗಟ್ಟಿಯಾಗಿ ಓದಿದೆ. ಅಕ್ಕ ಕೇಳಿ, "ಕೈ ಫ್ಯಾಕ್ಟರಿಯೋರು ತಗೊಂಡ್ರು, ಕಾಲು ಆಯೋಗದೋರು ತಗೊಂಡ್ರು. ತಲೆ ಯಾರಿಗೆ ಬೇಕಂತೆ, ಕೇಳು" ಅಂದಳು. ಮತ್ತೆ ಗೋಡೆಯ ಕಡೆ ತಿರುಗಿದಳು. ತಂಡದ ನರ್ಸು ಫೋನ್ ಮಾಡಿ, "ಟೈಲರಕ್ಕ, ಜನವರಿ ತನಕ ನಿಮ್ಮ ಜಾಗಕ್ಕೆ ಯಾರನ್ನೂ ಸೇರಿಸಲ್ಲ, ಆಮೇಲೆ ನಮ್ಮ ಕೈಲಿಲ್ಲ" ಅಂದಿದ್ದಾರೆ. ಮರುದಿನ ಅಂಗಡಿಯಲ್ಲಿ ಒಬ್ಬರು ತಮ್ಮ ಯಂತ್ರ ತೆಗೆದುಕೊಳ್ಳಲು ಬಂದರು. ಮಾವ ಅದನ್ನು ಬೋರಲು ಹಾಕಿದರು, ಮೊಳೆ ಕೈಗೆತ್ತಿಕೊಂಡರು, ಗುರುತು ಹಾಕದೆ ಅದನ್ನು ಮತ್ತೆ ಡಬ್ಬಿಗೆ ಹಾಕಿದರು. ಇಪ್ಪತ್ತೆಂಟು ವರ್ಷಗಳಲ್ಲಿ ಮೊದಲ ಸಲ ಆ ಅಂಗಡಿಯಿಂದ ಗುರುತಿಲ್ಲದ ಯಂತ್ರವೊಂದು ಹೊರಗೆ ಹೋಯಿತು. ನನ್ನ ಸಿಟ್ಟು ತಡೆಯಲಾರದಂತಾದದ್ದು ಆಗ. ತನ್ನ ಕೆಲಸಕ್ಕೆ ತಾನು ಜವಾಬ್ದಾರ ಎಂದು ಬರೆದುಕೊಟ್ಟ ಮನುಷ್ಯನಿಗೆ ನೀವು ಕಲಿಸಿದ ಪಾಠ ಇದು.

ನನ್ನ ಬೇಡಿಕೆ ಉದ್ದವಿಲ್ಲ. ಪೆಡಲನ್ನು ಈ ತಿಂಗಳೊಳಗೆ ವಾಪಸು ಕೊಡಿ. ಸೂಜಿಯನ್ನು ಉಜ್ಜಿ ಅಳಿಸದೆ, ಹೇಗಿತ್ತೋ ಹಾಗೇ. ಮಾವನನ್ನು ತಯಾರಕ ಎಂದ ಆ ವಾಕ್ಯವನ್ನು ಹೊಡೆದುಹಾಕಿ. ಕಂಪನಿ ಹಾಕಿದ ಬೀಗವನ್ನು ಜನವರಿಗೆ ಮುಂಚೆ ತೆಗೆಸಿ. ತೆಗೆಸಲಾಗದಿದ್ದರೆ ಯಾಕೆ ಆಗದು ಎಂದು ಬರೆದು, ಬರೆದವರ ಹೆಸರು ಹಾಕಿ. ಇದನ್ನು ಯಾಕೆ ಹೇಳುತ್ತಿದ್ದೇನೆಂದರೆ, ಕನ್ಸೋಲನ್ನು ಬೋರಲು ಹಾಕಿ ಹುಡುಕಿದೆ, ಕೆಟ್ಟರೆ ಯಾರನ್ನು ಕೇಳಬೇಕೆಂದು ಎಲ್ಲೂ ಇಲ್ಲ. ನಿಮ್ಮ ಹದಿನೇಳು ಪುಟದ ಆದೇಶವನ್ನೂ ತಿರುಗಿಸಿ ನೋಡಿದೆ. ಕೊನೆಯಲ್ಲಿ "ಅಧ್ಯಕ್ಷರ ಪರವಾಗಿ" ಎಂದಿದೆ, ಕೆಳಗೆ ಓದಲಾಗದ ಒಂದು ಗೀಟು.

ಈ ಪತ್ರದ ಕೆಳಗೆ ಸೂಜಿ ಗುರುತು ಹಾಕಿದ್ದೇನೆ, ಮಾವನ ಮೊಳೆಯಿಂದಲೇ. ತಾರೀಕೂ ಇದೆ. ಇದರಲ್ಲಿ ಒಂದು ಮಾತು ಸುಳ್ಳೆನಿಸಿದರೂ ಯಾರ ಹತ್ತಿರ ತರಬೇಕೆಂದು ನಿಮಗೆ ಗೊತ್ತಿರಲಿ. ಮಾರುಕಟ್ಟೆಯ ಹಿಂದಿನ ಓಣಿ. ಇಬ್ಬರು ಒಳಗೆ ನಿಂತಿದ್ದರೆ ದಯವಿಟ್ಟು ಹೊರಗೆ ಕಾಯಿರಿ.

ಇಂತಿ,
ಅಂದು ತಲೆಯಾಡಿಸಿ ಸುಮ್ಮನೆ ಬಂದ,
ಟೈಲರಕ್ಕನ ತಂಗಿ
ನವೆಂಬರ್ ಹದಿನಾಲ್ಕು