ಗುಡಿಸಿನ ದೀರ್ಘ

ಮುಂಡರಗಿ,
ಫೆಬ್ರವರಿ 30, 2191

ಪ್ರೀತಿಯ ಅಕ್ಕೋರೇ,

ಹೌದು, ಫೆಬ್ರವರಿ ಮೂವತ್ತು! ನಿಮ್ಮ ಕಾಲದಲ್ಲಿ ಈ ತಾರೀಖೇ ಇರಲಿಲ್ಲವಂತೆ. ಈಗ ಎಲ್ಲ ತಿಂಗಳಿಗೂ ಮೂವತ್ತೇ ದಿನ. ಉಳಿದ ಐದು ದಿನಗಳನ್ನು ವರ್ಷದ ಕೊನೆಗೆ ಸೇರಿಸಿ ಎಲ್ಲರಿಗೂ ರಜೆ ಕೊಡುತ್ತಾರೆ. ನಿಮ್ಮ ಹೆಸರು ನನಗೆ ಗೊತ್ತಿಲ್ಲ. ಸುಮಾರು ನೂರಾ ಅರವತ್ತು ವರ್ಷಗಳ ಹಿಂದೆ ನೀವು ಏಳನೆಯ ತರಗತಿಗೆ ಕನ್ನಡ ವ್ಯಾಕರಣ ಕಲಿಸುತ್ತಿದ್ದಿರಿ ಎಂಬುದಷ್ಟೇ ಗೊತ್ತು. ನನ್ನ ಮಾತು ಎಲ್ಲಾದರೂ ವಿಚಿತ್ರ ಅನ್ನಿಸಿದರೆ ಕ್ಷಮಿಸಿಬಿಡಿ. ನಾನು ಓದಿದ್ದು ಇಂಗ್ಲಿಷ್ ಶಾಲೆಯಲ್ಲಿ. ಕಾಗುಣಿತ ಕಲಿತದ್ದು ಇಪ್ಪತ್ತಾರನೆಯ ವಯಸ್ಸಿಗೆ, ಕಲಿಸಿದವನು ನನ್ನ ಗಂಡ ಮೈಲಾರಿ. (ಅತ್ತೆಯವರ ಮುಂದೆ ‘ಅವರು’ ಅನ್ನುತ್ತೇನೆ, ನಿಮ್ಮ ಮುಂದೆ ಬೇಡ.) ಮದುವೆಯಾಗಿ ನಾಲ್ಕು ತಿಂಗಳು. ಇನ್ನು ಹತ್ತು ದಿನಕ್ಕೆ ಅವನನ್ನು ನನ್ನಿಂದ ಕಿತ್ತುಕೊಂಡು ಉತ್ತರದ ಬಿಸಿಲುಬಯಲಿಗೆ ಕಳಿಸುತ್ತಾರೆ, ಐದು ವರ್ಷಕ್ಕೆ. ಕಾರಣ ಒಂದು ದೀರ್ಘ. ಅಕ್ಷರದ ಪಕ್ಕ ಹಾಕುತ್ತೀರಲ್ಲ, ಆ ದೀರ್ಘ.

ಮೊದಲು ನಮ್ಮ ಬದುಕು ಹೇಗಿದೆ ಎಂದು ಹೇಳಬೇಕು, ಇಲ್ಲದಿದ್ದರೆ ನಿಮಗೆ ಅರ್ಥವಾಗುವುದಿಲ್ಲ. ನಮ್ಮೆಲ್ಲರ ಕಿವಿಯಲ್ಲಿ ಪೂರಕ ಎಂಬ ಯಂತ್ರವಿದೆ, ಅಕ್ಕಿಕಾಳಿನಷ್ಟು ಸಣ್ಣದು. ಮಾತನಾಡುವವರು ಬರೀ ಮೂಲಪದಗಳನ್ನು ಉದುರಿಸಿದರೆ ಸಾಕು, ಕೇಳುವವರ ಕಿವಿಯಲ್ಲಿ ಪೂರಕವೇ ಪ್ರತ್ಯಯಗಳನ್ನು ಅಂಟಿಸಿ ಪೂರ್ತಿ ವಾಕ್ಯ ಮಾಡಿ ಕೊಡುತ್ತದೆ. ಸಂತೆಯಲ್ಲಿ ನಾನು ‘ಬದನೆ ಕಾಲು ಕೊಡು’ ಅನ್ನುತ್ತೇನೆ, ಮಾರುವವಳಿಗೆ ‘ಬದನೆಕಾಯಿಯನ್ನು ಕಾಲು ಕಿಲೋ ಕೊಡಿರಿ’ ಎಂದು ಕೇಳಿಸುತ್ತದೆ. ಎಷ್ಟು ಸುಖ ನೋಡಿ! ಅರವತ್ತು ದಾಟಿದವರು ಮಾತ್ರ ಇನ್ನೂ ಬಾಯಿತುಂಬ ಮಾತನಾಡುತ್ತಾರೆ. ಉಳಿದವರ ನಾಲಿಗೆಯಿಂದ ಗೆ, ಅನ್ನು, ಇಂದ, ಅಲ್ಲಿ ಎಲ್ಲ ಬಿದ್ದುಹೋಗಿ ಎರಡು ತಲೆಮಾರು ಆಯಿತು. ಯಾರು ಯಾರಿಗೆ ಏನು ಮಾಡಿದರು ಎಂಬುದನ್ನು ಹೆಚ್ಚಾಗಿ ಏನು ನಡೆಯುತ್ತದೋ ಅದನ್ನು ನೋಡಿ ಪೂರಕವೇ ತೀರ್ಮಾನಿಸುತ್ತದೆ. ಒಮ್ಮೆ ನಾನು ಅಡುಗೆಮನೆಯಲ್ಲಿ ಸಿಟ್ಟು ಬಂದು ಅತ್ತೆಯವರಿಗೆ ಜೋರು ಮಾಡಿಬಿಟ್ಟೆ. ಆಮೇಲೆ ಪಶ್ಚಾತ್ತಾಪವಾಗಿ ಅಕ್ಕನಿಗೆ ‘ಸೊಸೆ ಅತ್ತೆ ಬೈ’ ಎಂದು ಹೇಳಿಕೊಂಡೆ. ಅವಳ ಪೂರಕ ಅದನ್ನು ‘ಸೊಸೆಗೆ ಅತ್ತೆ ಬೈದರು’ ಎಂದು ಮಾಡಿತು! ಇವತ್ತಿಗೂ ನನ್ನ ತವರಿನವರೆಲ್ಲ ಆ ಪಾಪದ ನೀಲವ್ವತ್ತೆಯನ್ನು ದುರುಗುಟ್ಟಿ ನೋಡುತ್ತಾರೆ.

ಮೈಲಾರಿ ನಡೆಸುವುದು ಬಾಯಿಶಾಲೆ. ಬಾಗಿಲಲ್ಲಿ ಒಂದು ಬಟ್ಟಲಿದೆ, ಆರು ಮಕ್ಕಳು ಪೂರಕ ತೆಗೆದು ಅದರಲ್ಲಿ ಹಾಕಿ ಒಳಗೆ ಬರುತ್ತವೆ. ಕ ತಲೆಕಟ್ಟು ಕ, ಕ ಇಳಿ ಕಾ, ಕ ಗುಡಿಸು ಕಿ, ಕ ಗುಡಿಸಿನ ದೀರ್ಘ ಕೀ. ಲಘು ಬಂದರೆ ಮೇಜಿನ ಮೇಲೆ ಬೆರಳು, ಗುರು ಬಂದರೆ ಅಂಗೈ. ಅವನು ಕಲಿಸುವುದನ್ನು ನೀವು ನೋಡಬೇಕಿತ್ತು! ‘ಮರ’ದ ಮುಂದೆ ಒಂದೊಂದೇ ವಿಭಕ್ತಿ ತಂದು ನಿಲ್ಲಿಸಿದರೆ ಮರ ಎದ್ದು ಓಡಾಡಿದಂತೆ ಆಗುತ್ತಿತ್ತು. ನಮ್ಮ ನಿಶ್ಚಿತಾರ್ಥದ ದಿನ ಅವನು ನನಗೆ ಹೇಳಿದ್ದು ‘ನಮ್ಮ ಸಂಸಾರ ಚಂದ ಆದೀತು’ ಎಂದು. ನನ್ನ ಪೂರಕ ಅದನ್ನು ‘ಚಂದವಾಗಿತ್ತು’ ಎಂದು ಕೇಳಿಸಿತು. ತಾಳಿ ಕಟ್ಟುವ ಮೊದಲೇ ಸಂಸಾರ ಮುಗಿದಿತ್ತು! ನಾನು ನಕ್ಕು ಪೂರಕ ಕಿತ್ತಿಟ್ಟು, ಇನ್ನೊಮ್ಮೆ ಹೇಳು ಅಂದೆ. ಆದೀತು, ಬಂದೀತು, ಬಂದಾನು, ಬಂದಾಳು. ಆಗಬಹುದು, ಆಗದೆಯೂ ಇರಬಹುದು, ಆದರೆ ಹೇಳುವವನ ಮನಸ್ಸು ಆಗಲಿ ಎಂಬ ಕಡೆಗೆ ಸ್ವಲ್ಪ ವಾಲಿದೆ. ಇಷ್ಟೆಲ್ಲ ಒಂದು ಪುಟ್ಟ ಪ್ರತ್ಯಯದೊಳಗೆ! ನನ್ನ ಇಂಗ್ಲಿಷ್ ಶಾಲೆಯ ಟೆನ್ಸುಗಳಲ್ಲಿ ಇಂಥದ್ದನ್ನು ನಾನು ಕಂಡೇ ಇರಲಿಲ್ಲ.

ಹೋದ ವಾರ ತಪಾಸಣೆಯಾಯಿತು. ಪೂರಕವಿಲ್ಲದೆ ಒಂದು ಮಗುವಾದರೂ ಸರಿಯಾದ ವಾಕ್ಯ ಕಟ್ಟಿದರೆ ಬಾಯಿಶಾಲೆ ಉಳಿಯುತ್ತದೆ. ಕಟ್ಟದಿದ್ದರೆ ಶಾಲೆ ಮುಚ್ಚಿ, ಕೆಲಸವಿಲ್ಲದ ಮೇಷ್ಟ್ರನ್ನು ಬಿಸಿಲುಬಯಲಿನ ಸೌರಫಲಕಗಳನ್ನು ಒರೆಸಲು ಹಾಕುತ್ತಾರೆ. ಅಲ್ಲಿ ಹೆಂಡತಿಗೆ ಜಾಗವಿಲ್ಲ. ಹೋದವರಲ್ಲಿ ಅರ್ಧ ಜನ ಮಾತ್ರ ಹಿಂದಿರುಗಿದ್ದಾರೆ. ತಪಾಸಣೆಗೆ ಬಂದವರು ಫಕೀರಗೌಡರು, ಅರವತ್ತೈದರ ಹಿರಿಯರು, ಕೆಟ್ಟವರಲ್ಲ. ಒಂಬತ್ತು ವರ್ಷದ ಹುಲಿಗೆವ್ವನನ್ನು ಕರೆದು ಮೂರು ಪದ ಕೊಟ್ಟರು: ನಾಳೆ, ಮಳೆ, ಬರು. ಹುಲಿಗೆವ್ವ ಕಿಟಕಿಯಾಚೆ ಮೋಡ ನೋಡಿದಳು. ಮೇಜಿನ ಮೇಲೆ ಅಂಗೈ, ಅಂಗೈ, ಬೆರಳು ಬಡಿದು ಹೇಳಿದಳು: ‘ನಾಳೆ ಮಳೆ ಬಂದೀತು.’

ಪೂರಕ ತೆಗೆದು ಹಿಂದೆ ನಿಂತಿದ್ದ ನನಗೆ ಚಪ್ಪಾಳೆ ಹೊಡೆಯುವಷ್ಟು ಖುಷಿ! ಆದರೆ ಗೌಡರ ಕೈಯಲ್ಲಿದ್ದ ಅಳೆಯುವ ಯಂತ್ರ ‘ಬಂದಿತು’ ಎಂದು ಬರೆದುಕೊಂಡು ಕೆಂಪಗಾಯಿತು. ಭೂತಕಾಲ, ತಪ್ಪು.

‘ಏನ್ರೀ ಮಾಸ್ತರ, ನಿಮ್ಮೂರಾಗ ನಾಳಿನ ಮಳಿ ನಿನ್ನೇನ ಬಂದ್ ಹೋಗ್ತೈತೇನ್ರಿ?’ ಎಂದು ಗೌಡರು ನಕ್ಕರು.

‘ಬಂದಿತು ಅಲ್ರಿ ಸಾಹೇಬ್ರ, ಬಂದೀತು. ದೀರ್ಘ ಐತ್ರಿ ಅಲ್ಲಿ. ನಮ್ಮಜ್ಜಿ ಹಂಗ ಅಂತಿದ್ಲು.’

‘ನನಗ ದೀರ್ಘ ಕೇಳಿಸ್ತೈತೋ ತಮ್ಮಾ. ಯಂತ್ರಕ್ಕ ಕೇಳಿಸ್ಬೇಕಲ್ಲ. ಅಜ್ಜಿ ಬಾಯಿ ದಾಖಲೆ ಆಗೂದಿಲ್ಲ. ಬರದಿದ್ದು ಒಂದ ಸಾಲು ತಂದು ತೋರ್ಸು, ಹದಿನೈದು ದಿನ ತಡೀತೀನಿ.’ ಆಮೇಲೆ ಹುಡುಗಿಯ ಕಡೆ ತಿರುಗಿ, ‘ಬರ್ತೈತಿ ಅಂದಿದ್ರ ಪಾಸ್ ಆಗ್ತಿದ್ಯಲ್ಲವಾ, ಹುಚ್ಚಿ’ ಅಂದರು.

‘ಬರ್ತೈತಿ ಅಂತ ನಂಗೇನ್ ಗೊತ್ರಿ? ಸುಳ್ಳ ಹೇಳ್ಬಾರ್ದಲ್ರಿ’ ಅಂದಳು ಹುಲಿಗೆವ್ವ.

ಅಕ್ಕೋರೇ, ಅವತ್ತು ಮೈಲಾರಿ ಆ ಹುಡುಗಿಯ ಮುಂದೆ ನಗುತ್ತಲೇ ಇದ್ದ. ಮನೆಗೆ ಬಂದು ಗೋಡೆಗೆ ಮುಖ ಹಾಕಿ ಕೂತ.

ಆ ಒಂದು ಸಾಲನ್ನು ಎಲ್ಲಿಂದ ತರುವುದು? ಅಚ್ಚಾದ ಹಳೆಯ ಪುಸ್ತಕಗಳನ್ನೆಲ್ಲ ಪೂರಕ ನಡೆಸುವ ದೊಡ್ಡ ಯಂತ್ರವೇ ಓದಿ, ತನಗೆ ತಿಳಿಯದ ದೀರ್ಘಗಳನ್ನು ಅಳಿಸಿ ತಿದ್ದಿ ಇಟ್ಟಿದೆ. ಅದು ಮುಟ್ಟದೆ ಬಿಟ್ಟದ್ದು ಕೈಬರಹ ಮಾತ್ರ. ಗದಗಿನಲ್ಲಿ ಒಬ್ಬರ ಅಟ್ಟದ ಪೆಟ್ಟಿಗೆಯಲ್ಲಿ ನಮಗೆ ಒಂದೇ ಒಂದು ನೋಟ್‌ಬುಕ್ ಸಿಕ್ಕಿತು, ನಿಮ್ಮ ತರಗತಿಯ ಯಾವುದೋ ಮಗುವಿನದು. ಎಂಥ ಮುದ್ದಾದ ಅಕ್ಷರ! ಸಂಧಿ ಇದೆ, ಸಮಾಸ ಇದೆ, ಏಳೂ ವಿಭಕ್ತಿ ಇವೆ, ಮೂರು ಕಾಲ ಇವೆ. ಕೊನೆಗೆ ‘ಸಂಭಾವನಾರ್ಥಕ ರೂಪ’ ಎಂದು ತಲೆಬರಹ, ಕೆಳಗೆ ಎರಡು ಗೆರೆ. ನಾವಿಬ್ಬರೂ ಒಟ್ಟಿಗೆ ಪುಟದ ಮೇಲೆ ಬಾಗಿದೆವು. ಅದರ ಕೆಳಗೆ ಪೆನ್ಸಿಲಿನಲ್ಲಿ ಇಷ್ಟೇ ಇದೆ: ‘ಅಕ್ಕೋರು: ಇದು ಪರೀಕ್ಷೆಗೆ ಬರಲ್ಲ, ಬಿಡಿ.’ ಉಳಿದ ಪುಟ ಖಾಲಿ. ಗೌಡರು ಅದನ್ನೂ ನೋಡಿದರು. ತಲೆಬರಹ ದಾಖಲೆಯಲ್ಲ ಎಂದರು.

ನಿಮ್ಮನ್ನು ಬೈಯಲು ಬರೆಯುತ್ತಿಲ್ಲ, ನಿಜವಾಗಿಯೂ. ಬೆಲ್ ಹೊಡೆಯಲು ಐದೇ ನಿಮಿಷ ಇತ್ತೇನೋ, ಮಕ್ಕಳಿಗೆ ಹಸಿವಾಗಿತ್ತೇನೋ. ಆದರೆ ಇಲ್ಲಿ ಈಗ ಏನಾಗಿದೆ ಎಂದು ಹೇಳಿಬಿಡುತ್ತೇನೆ. ನಿನ್ನೆ ಅತ್ತೆಯವರು ಮಗನ ಚೀಲಕ್ಕೆ ರೊಟ್ಟಿ ಕಟ್ಟುತ್ತ ‘ಅಂವ ತಿರುಗಿ ಬರ್ತಾನೇನವಾ?’ ಎಂದು ಕೇಳಿದರು. ಬರುತ್ತಾನೆ ಅನ್ನಲು ನನಗೆ ಧೈರ್ಯವಿರಲಿಲ್ಲ. ಬರುವುದಿಲ್ಲ ಎಂದು ಹೇಳಲು ನಾಲಿಗೆ ಏಳಲಿಲ್ಲ. ‘ಬಂದಾನು ಅತ್ತೆ’ ಅಂದೆ. ಅವರ ಪೂರಕ ದೀರ್ಘ ನುಂಗಿ ‘ಬಂದನು’ ಎಂದಿರಬೇಕು. ಅವರು ಗಡಬಡಿಸಿ ಎದ್ದು, ಸೆರಗಿಗೆ ಕೈ ಒರೆಸಿಕೊಂಡು ಬಾಗಿಲಿಗೆ ಹೋಗಿ ಬೀದಿ ನೋಡುತ್ತ ನಿಂತರು. ಇನ್ನೂ ಹೋಗೇ ಇಲ್ಲದ ಮಗ ಹಿತ್ತಲಲ್ಲಿ ನೀರು ಸೇದುತ್ತಿದ್ದ.

ನನ್ನ ಕೋರಿಕೆ ಒಂದೇ. ಆ ದಿನ, ಬಿಡಿ ಎನ್ನುವ ಮೊದಲು, ಒಂದು ಸಾಲು ಬರೆಸಿ. ಯಾವುದಾದರೂ ಆಗಲಿ: ಅವನು ಬಂದಾನು, ಮಳೆ ಬಂದೀತು. ದೀರ್ಘ ದಪ್ಪಗೆ ಕಾಣುವಂತೆ ಬರೆಸಿ, ಅಷ್ಟೇ.

ಈ ಪತ್ರ ನಿಮಗೆ ತಲುಪಿ, ನೀವು ಬರೆಸಿದ್ದರೆ, ಆ ಸಾಲು ಈ ನೋಟ್‌ಬುಕ್ಕಿನಲ್ಲಿ ನೂರಾ ಅರವತ್ತು ವರ್ಷಗಳಿಂದಲೂ ಇರಬೇಕಿತ್ತು. ಅಷ್ಟು ಲೆಕ್ಕ ನನಗೂ ತಿಳಿಯುತ್ತದೆ. ಅಂದರೆ ನೀವು ಏನು ಮಾಡಿದಿರಿ ಎಂಬುದು ಬರೆಯಲು ಕೂರುವ ಮೊದಲೇ ನನಗೆ ಗೊತ್ತಿತ್ತು. ಆದರೂ ಬರೆದೆ. ಬರೆಸಿ, ಅಕ್ಕೋರೇ. ಸಹಿ ಹಾಕುವ ಮೊದಲು ಪುಟ ತೆರೆದು ಮತ್ತೊಮ್ಮೆ ನೋಡಿದೆ. ಖಾಲಿ ಇದೆ.

ನಿಮ್ಮ,
ಶಾಲ್ಮಲಾ ಮೈಲಾರಿ