ವಿಭೂತಿ ಹಚ್ಚಿದ ಕೊಳವೆ

ಸೋಮವಾರ, ೧೦ ಮಾರ್ಚ್ ೨೦೨೫

ಪಾಲುದಾರ ಗಿರಿರಾಜ್‌ಗೆ ಬೆಳಿಗ್ಗೆ ಕಳಿಸಿದ ಫೋಟೋ ಇನ್ನೂ ಕೊರೆಯುತ್ತಿದೆ. 'ಪ್ಲಾಸ್ಮಾ ಎರಡು ಬೆರಳು ಹೆಚ್ಚು ಉದ್ದ ಬಂತು' ಎಂದೂ ಬರೆದುಬಿಟ್ಟಿದ್ದೆ. ಗುರುವಾರ ಹೂಡಿಕೆದಾರರಿಗೆ ಇದನ್ನೇ ತೋರಿಸೋಣ ಎನ್ನುತ್ತಾನೆ.

ರಾಜಾಜಿನಗರದ ಶೆಡ್ಡಿನಲ್ಲಿ ನಾವು ಮಾಡುವುದಿಷ್ಟೆ. ಗಾಜಿನ ಕೊಳವೆಯಲ್ಲಿ ಹರಿಯುವ ಆರ್ಗಾನ್ ಅನಿಲದ ಎಲೆಕ್ಟ್ರಾನುಗಳನ್ನು ಮೈಕ್ರೋವೇವ್ ಅಲೆ ಅಲ್ಲಾಡಿಸುತ್ತದೆ. ಅವು ಪರಮಾಣುಗಳಿಗೆ ಬಡಿದು ಇನ್ನಷ್ಟು ಎಲೆಕ್ಟ್ರಾನುಗಳನ್ನು ಬಿಡಿಸುತ್ತವೆ. ಹೀಗೆ ಹೊತ್ತಿಕೊಂಡು ಬೆಳಗುವ ಅನಿಲವೇ ಪ್ಲಾಸ್ಮಾ; ಅದು ಕೊಳವೆಯ ಬಾಯಿಂದ ಬಯಲು ಗಾಳಿಗೆ ಚಿಮ್ಮುತ್ತದೆ. ದಿನವೂ ನೇರಳೆ. ಇವತ್ತು ತುದಿ ಕಿತ್ತಳೆ, ಉದ್ದವೂ ಹೆಚ್ಚು.

ಮಧ್ಯಾಹ್ನ ನೋಡಿದರೆ ಕೊಳವೆಯ ಬಾಯಿಗೆ ಮೂರು ಬಿಳಿ ಪಟ್ಟೆ. ಶೆಡ್ಡಿನ ಮಾಲೀಕರಾದ ರೇವಣಸಿದ್ದಯ್ಯನವರು ಬೆಳಿಗ್ಗೆ ಸೋಮವಾರದ ಪೂಜೆಯಲ್ಲಿ ತಮ್ಮ ಲೇಥ್ ಯಂತ್ರದ ಜೊತೆ ಇದಕ್ಕೂ ವಿಭೂತಿ ಹಚ್ಚಿದ್ದಾರೆ. ಬೂದಿಯಲ್ಲಿನ ಸೋಡಿಯಂ ಕಾದು ಹೊಳೆದ ಬಣ್ಣ, ಆ ಕಿತ್ತಳೆ.

ಒರೆಸಿ ಹೊತ್ತಿಸಿದೆ. ಮತ್ತೆ ಗಿಡ್ಡ, ನೇರಳೆ. ಕಿತ್ತಳೆ ತುದಿ ಇದ್ದ ಕಡೆ ಈಗ ಬರೀ ಗಾಳಿ. ಅಲ್ಲಿ ಸುಮ್ಮನೆ, ಬಿಸಿ ತಾಗಿದರೆ ಕಪ್ಪಾಗುವ ಅಂಗಡಿ ಬಿಲ್ಲಿನ ಕಾಗದ ಹಿಡಿದೆ. ಕಪ್ಪಾಯಿತು. ಅಂದರೆ ಉದ್ದ ಬಂದಿರಲಿಲ್ಲ. ಆ ಬಿಸಿ ತುದಿ ಇಷ್ಟು ದಿನವೂ ಅಲ್ಲಿಯವರೆಗೆ ಹೋಗುತ್ತಿತ್ತು, ಕಾಣುತ್ತಿರಲಿಲ್ಲ.

ಗಿರಿರಾಜ್‌ಗೆ ಹೇಳಬೇಕು. ವಿಭೂತಿ ಒರೆಸಿದ್ದನ್ನೂ ಕಾಗದ ಕಪ್ಪಾದದ್ದನ್ನೂ ರೇವಣಸಿದ್ದಯ್ಯನವರಿಗೆ ಹೇಳಿಯಾಯಿತು. ಅವರು ಬೇಜಾರೇನೂ ಮಾಡಿಕೊಳ್ಳಲಿಲ್ಲ.

"ಕಾಣದೇ ಇದ್ದಿದ್ದು ಕಾಣ್ತು ತಾನೇ? ಮತ್ಯಾಕಮ್ಮ ಒರೆಸ್ದೆ?"