ಕುರಿಮರಿಗಳ ಬಳಿ ಕೂರಲು ವೈದ್ಯರ ಅಪ್ಪಣೆ ಬೇಕಾಗಿದೆ

ತುರ್ತು ಚಿಕಿತ್ಸಾ ವಿಭಾಗದ ಮುಖ್ಯ ವೈದ್ಯಾಧಿಕಾರಿಗಳಿಗೆ,

ಮಾನ್ಯರೇ, ನಿಮ್ಮ ವಿಭಾಗ ನಮ್ಮ ದೊಡ್ಡಪ್ಪನ ಜೀವ ಉಳಿಸಿತು. ಅದಕ್ಕೆ ಮೊದಲು ವಂದನೆ. ಆದರೆ ಉಳಿಸಿದ ಆ ಜೀವವನ್ನು ಎಲ್ಲಿಡಬೇಕು, ಯಾರ ಜೊತೆ ಕೂರಿಸಬೇಕು ಎಂದು ನಿಮ್ಮಲ್ಲಿ ಯಾರೂ ಕೇಳಲಿಲ್ಲ. ಕೇಳದೆಯೇ ಒಂದು ಮಾತು ಹೇಳಿ ಕಳಿಸಿದಿರಿ. ಆ ಒಂದು ಮಾತಿನಿಂದ ಮನುಷ್ಯ ನಮ್ಮ ಕಣ್ಣೆದುರೇ ಸವೆಯುತ್ತಿದ್ದಾನೆ. ಇದು ನನ್ನ ದೂರು. ಎಲ್ಲರೂ ಓದಲೆಂದು ಬರೆದ ಪತ್ರವಿದು, ಆಸ್ಪತ್ರೆಯ ಹೆಸರು ಬರೆಯುವುದಿಲ್ಲ. ಓದಿದವರಿಗೆ ತಮ್ಮೂರಿನದೇ ಅನ್ನಿಸಿದರೆ ಅನ್ನಿಸಲಿ. ಸಿಟ್ಟಿನಿಂದ ಬರೆಯಬೇಕೆಂದೇ ಕೂತವಳು ನಾನು. ಸಿಟ್ಟು ಬರುತ್ತಿಲ್ಲ. ಏನೂ ಬರುತ್ತಿಲ್ಲ. ಆದ್ದರಿಂದ ಆದದ್ದನ್ನು ಆದ ಹಾಗೆ ಹೇಳುತ್ತೇನೆ.

ದೊಡ್ಡಪ್ಪನ ಹೆಸರು ಈರಬಸಪ್ಪ. ಕುರಿ ಸಾಕುವ ಮನೆತನ ನಮ್ಮದು. ಸುಗ್ಗಿ ಮುಗಿದರೆ ಅವನ ಮಗ ಕನಕರಾಜ್ ಮಂದೆ ಹೊಡೆದುಕೊಂಡು ಹೊಸದುರ್ಗದ ತೆಂಗಿನ ತೋಟಗಳು, ಹಿರಿಯೂರು ಕಡೆಯ ಬೋಳು ಹೊಲಗಳು ಅಂತ ಸುತ್ತುತ್ತಾನೆ. ಗೊಬ್ಬರವಾಗಲಿ ಎಂದು ರೈತರೇ ಕರೆದು ಮಂದೆ ನಿಲ್ಲಿಸಿಕೊಳ್ಳುತ್ತಾರೆ. ದೊಡ್ಡಪ್ಪನೂ ಜೊತೆಗಿರುತ್ತಿದ್ದ. ಆದರೆ ಅವನು ಕುರಿ ಹಿಂದೆ ತಿರುಗುವುದನ್ನು ಬಿಟ್ಟು ಎಷ್ಟೋ ಕಾಲವಾಗಿತ್ತು. ನಮ್ಮಲ್ಲಿ ವಯಸ್ಸಾದವರಿಗೆ ಬೇರೆ ಕೆಲಸವಿದೆ. ಬೆಳಿಗ್ಗೆ ದೊಡ್ಡ ಕುರಿಗಳು ಮೇಯಲು ಹೋದರೆ ಎಳೆಯ ಮರಿಗಳು ಬಿಡಾರದಲ್ಲೇ ಉಳಿಯುತ್ತವೆ. ಅವುಗಳ ಪಕ್ಕ ಮರದ ನೆರಳಲ್ಲಿ ಕಂಬಳಿ ಹಾಸಿಕೊಂಡು ಅಜ್ಜನೋ ಅಜ್ಜಿಯೋ ಕೂರಬೇಕು. ನಾಯಿ ಬಂದರೆ ಗದರಿಸಬೇಕು. ಸಂಜೆ ತಾಯಿ ಕುರಿಗಳು ಬಂದಾಗ ಮರಿಗಳನ್ನು ಹಾಲಿಗೆ ಬಿಡಬೇಕು. ಅಷ್ಟೇ ಕೆಲಸ. ಹೊಲದವರು ಬಂದು ಮಾತಾಡಿಸುತ್ತಾರೆ. ಬೈಕಿನಲ್ಲಿ ಹೋಗುವವರು ನಿಲ್ಲಿಸಿ "ಏನಜ್ಜ, ಮುಂದೆ ಯಾವ್ ಕಡೀಗೆ ಮಂದೆ?" ಎಂದು ಕೇಳಿ ಬೀಡಿ ಹಚ್ಚಿಕೊಳ್ಳುತ್ತಾರೆ. ದೊಡ್ಡಮ್ಮ ಮಲ್ಲಕ್ಕ ತೀರಿಹೋದ ಮೇಲೂ ದೊಡ್ಡಪ್ಪ ಒಬ್ಬ ಮನುಷ್ಯನಾಗಿ ಉಳಿದದ್ದು ಹೀಗೆ ಕೂತೇ.

ಒಂದು ಮಧ್ಯಾಹ್ನ ನೀರು ಕುಡಿಯಲು ಎದ್ದವನು ತಲೆ ತಿರುಗಿ ಬಿದ್ದ. ಆಂಬುಲೆನ್ಸಿನಲ್ಲಿ ನಿಮ್ಮಲ್ಲಿಗೆ ತಂದರು. ಬಿಪಿ ಏರಿತ್ತು, ಹಣೆ ಒಡೆದಿತ್ತು. ಹೊಲಿಗೆ ಹಾಕಿದಿರಿ, ಮಾತ್ರೆ ಕೊಟ್ಟಿರಿ, ಮಾರನೆಯ ದಿನ ಕಳಿಸಿದಿರಿ. ಚಿಕಿತ್ಸೆಯಲ್ಲಿ ಕುಂದು ಹುಡುಕುವಷ್ಟು ಕೃತಘ್ನಳಲ್ಲ ನಾನು. ಕಳಿಸುವಾಗ ಡ್ಯೂಟಿ ಡಾಕ್ಟರು ಕನಕರಾಜನಿಗೆ ಹೇಳಿದ್ದನ್ನು ಅವನು ಅಕ್ಷರ ಬಿಡದೆ ನನಗೆ ಒಪ್ಪಿಸಿದ್ದಾನೆ: "ಈ ವಯಸ್ಸಲ್ಲಿ ಇವರನ್ನ ಕುರಿ ಕಾಯೋಕೆ ಕಳಿಸ್ತೀರಲ್ರೀ, ಸ್ವಲ್ಪನಾದ್ರೂ ಕರುಣೆ ಬೇಡ್ವಾ? ಇನ್ಮೇಲೆ ಕುರಿ ಸಹವಾಸ ಬೇಡ. ಮನೇಲಿಟ್ಟು ಪೂರ್ತಿ ರೆಸ್ಟ್ ಕೊಡಿ."

ಒಳ್ಳೆಯ ಮನಸ್ಸಿನಿಂದಲೇ ಹೇಳಿರಬೇಕು. ಆದರೆ ಈ ಅಜ್ಜ ದಿನವಿಡೀ ಏನು ಮಾಡುತ್ತಾನೆ ಎಂದು ಅವರು ಕೇಳಲಿಲ್ಲ. "ನಮ್ಮಪ್ಪ ಬರೇ ಮರಿ ಹತ್ರ ಕುಂತಿರ್ತಾನೆ ಸಾರ್" ಎಂದು ಕನಕರಾಜನೂ ಹೇಳಲಿಲ್ಲ. ಬಿಳಿ ಕೋಟಿನ ಮುಂದೆ ನಮ್ಮವರು ತಲೆ ಆಡಿಸುತ್ತಾರೆ, ಬಾಯಿ ಬಿಡುವುದಿಲ್ಲ. ಅದರಲ್ಲೂ ಸಾಯುವವನನ್ನು ಬದುಕಿಸಿದ ಡಾಕ್ಟರ ಮಾತು ನಮ್ಮ ಹಟ್ಟಿಯಲ್ಲಿ ದೇವರಿಗೆ ಹೊತ್ತ ಹರಕೆಯ ಹಾಗೆ. ಅದನ್ನು ಮುರಿದವರ ಮನೆ ಉದ್ಧಾರವಾಗುವುದಿಲ್ಲ ಎಂದು ನಂಬಿದ ಜನ. ಮರಿ ಕಾಯುವುದೂ ಬೇಡ, ಕುರಿಯ ವಾಸನೆಯೂ ಬೇಡ ಎಂದೇ ಅವರು ಅರ್ಥ ಮಾಡಿಕೊಂಡರು.

ಮಂದೆ ಸುತ್ತುವ ತಿಂಗಳುಗಳಲ್ಲಿ ಅವರ ಊರಿನ ಮನೆಗೆ ಬೀಗ. ಹಾಗಾಗಿ ಕನಕರಾಜ್ ಅಪ್ಪನನ್ನು ಹಿರಿಯೂರಿನ ನನ್ನ ಮನೆಗೆ ಕರೆತಂದ. "ಅಕ್ಕಾ, ಕುರಿ ಸಾವಾಸ ಬ್ಯಾಡ ಅಂದಾರೆ ಡಾಕ್ಟ್ರು. ನಿನ್ ಹತ್ರ ಇರ್ಲಿ. ಫ್ಯಾನ್ ಐತೆ, ಟಿವಿ ಐತೆ" ಎಂದ. ಎರಡೂ ಇವೆ, ಇಲ್ಲ ಎನ್ನುವುದಿಲ್ಲ. ನಾನು ಶಾಲೆಯಲ್ಲಿ ಪಾಠ ಮಾಡುವವಳು, ಯಜಮಾನರು ಕೊಬ್ಬರಿ ಮಂಡಿಗೆ ಹೋಗುವವರು, ಮಗಳು ಕಾಲೇಜಿಗೆ. ಬೆಳಿಗ್ಗೆಯಿಂದ ಸಂಜೆಯವರೆಗೆ ಮನೆಯಲ್ಲಿ ದೊಡ್ಡಪ್ಪ, ಫ್ಯಾನು, ಟಿವಿ. ನೀವು ಬಯಸಿದ ಪೂರ್ತಿ ರೆಸ್ಟ್ ಇದೇ ಇರಬೇಕು. ಮೊದಮೊದಲು ಬಾಗಿಲಲ್ಲಿ ಕೂತು ಹೋಗಿ ಬರುವವರನ್ನೆಲ್ಲ ಮಾತಾಡಿಸುತ್ತಿದ್ದ. ನಮ್ಮ ಬೀದಿಯವರು ಕೆಟ್ಟವರಲ್ಲ, ಅವಸರದವರು. ಆಮೇಲೆ ಬಾಗಿಲಿಗೆ ಬರುವುದನ್ನೂ ಬಿಟ್ಟ. ತಾಯಿ ಕುರಿಗಳು ಮರಳುವ ಹೊತ್ತಿಗೆ ಮಾತ್ರ ಎದ್ದು ಗೇಟಿನ ತನಕ ಹೋಗುತ್ತಾನೆ, ಸ್ವಲ್ಪ ನಿಂತು ಒಳಗೆ ಬರುತ್ತಾನೆ. ಉಣ್ಣು ಎಂದರೆ "ಹೂಂ" ಎನ್ನುತ್ತಾನೆ. ತಟ್ಟೆಯಲ್ಲಿ ಮುದ್ದೆ ಹಾಗೇ ಆರುತ್ತದೆ.

ನಿಶ್ಶಕ್ತಿಯೆಂದು ಮತ್ತೆ ನಿಮ್ಮಲ್ಲಿಗೇ ಕರೆತಂದೆವು. ಗ್ಲೂಕೋಸ್ ಏರಿಸಿ ಕಳಿಸಿದಿರಿ. ಅದಾದ ಮೇಲೂ ಒಮ್ಮೆ ಬಂದೆವು. ರಕ್ತ ನೋಡಿದಿರಿ, ಎದೆ ನೋಡಿದಿರಿ, "ಎಲ್ಲಾ ನಾರ್ಮಲ್" ಎಂದಿರಿ. ಅವತ್ತು ನಾನೇ ಬಾಯಿ ಬಿಟ್ಟೆ. ಮರಿಗಳ ವಿಷಯ ವಿವರಿಸಿ, "ಇವನು ಅಲ್ಲಿ ಹೋಗಿ ಕೂರಬಹುದಾ ಸರ್?" ಎಂದೆ. ಡ್ಯೂಟಿಯಲ್ಲಿದ್ದವರು ನಕ್ಕರು. "ಮೇಡಂ, ಇದು ಎಮರ್ಜೆನ್ಸಿ. ಜೀವ ಉಳಿಸೋದು ನಮ್ಮ ಕೆಲಸ. ಕುರಿಮರಿ ಎಲ್ಲಾ ನಮ್ಮ ವ್ಯಾಪ್ತಿಗೆ ಬರಲ್ಲ."

ಹೌದು, ಬರುವುದಿಲ್ಲ. ಆದರೆ ಕುರಿ ಸಹವಾಸ ಬೇಡ ಎನ್ನುವಾಗ ಬಂದಿತ್ತಲ್ಲ? ಬಿಡಿಸುವುದಕ್ಕೆ ಇರುವ ಅಧಿಕಾರ ಸೇರಿಸುವುದಕ್ಕೆ ಏಕಿಲ್ಲ? ಅವತ್ತು ನಿಮ್ಮ ಗೇಟಿನ ಕಲ್ಲುಬೆಂಚಿನ ಮೇಲೆ ಒಬ್ಬ ಅಜ್ಜಿ ಕೂತಿದ್ದರು. ಆಗಷ್ಟೇ ಡಿಸ್ಚಾರ್ಜ್ ಆದವರು, ಹೊಳಲ್ಕೆರೆ ಬಸ್ಸಿಗೆ ಹೋಗಬೇಕು. ಕಾಲಲ್ಲಿ ಚಪ್ಪಲಿ ಇಲ್ಲ. ಬಿದ್ದ ಜಾಗದಿಂದ ಎತ್ತಿ ತಂದವರು ಚಪ್ಪಲಿ ಎತ್ತಿಕೊಂಡಿರಲಿಲ್ಲ. "ಮೆತ್ತಗಿನ್ ಊಟ ಮಾಡು ಅಂದಾರವ್ವ. ಮಾಡಿ ಹಾಕೋರು ಯಾರು ಅಂತ ಕೇಳ್ಲಿಲ್ಲ" ಎಂದು ನನಗೆ ಹೇಳಿದರು. ದೂರಿನ ಧ್ವನಿಯೇ ಇರಲಿಲ್ಲ. ನಮಗೆಲ್ಲ ಹೀಗೇ ಅಭ್ಯಾಸವಾಗಿದೆ.

ಕನಕರಾಜನಿಗೆ ಫೋನ್ ಮಾಡಿ, ಕರೆದುಕೊಂಡು ಹೋಗು, ನಾನು ಹೇಳುತ್ತಿದ್ದೇನೆ ಎಂದೆ. ಅವನು ಒಪ್ಪಲಿಲ್ಲ. "ನೀನು ಹೇಳಿದ್ರೆ ಆಗಲ್ಲಕ್ಕಾ. ಅಲ್ಲೇನಾರ ಆದ್ರೆ ಡಾಕ್ಟ್ರು ಮಾತು ಮೀರಿ ಅಪ್ಪನ್ನ ಕೊಂದ ಅಂತಾರೆ. ಅವ್ರೇ ಹೇಳ್ಲಿ, ಆ ಗಳಿಗೇಲೆ ಹೊತ್ಕಂಡ್ ಬರ್ತೀನಿ" ಎಂದ. ಅವನನ್ನು ಏನೆಂದು ಬೈಯಲಿ?

ಕಳೆದ ಭಾನುವಾರ ಮಂದೆ ನಮ್ಮೂರ ಪಕ್ಕದ ಆದಿವಾಲದ ಹೊಲವೊಂದಕ್ಕೆ ಬಂತು. ಕನಕರಾಜ್ ಅಪ್ಪನದೇ ಕಂಬಳಿಯಲ್ಲಿ ಒಂದು ಮರಿಯನ್ನು ಸುತ್ತಿಕೊಂಡು ಬೈಕಿನಲ್ಲಿ ಬಂದ. ನೋಡುವುದರಲ್ಲೇನೂ ತಪ್ಪಿಲ್ಲವಲ್ಲ ಎಂದು ಅಂಜುತ್ತಲೇ ತಂದಿದ್ದ. ಮರಿಯನ್ನು ಅಪ್ಪನ ಮುಂದೆ ಹಿಡಿದ. ದೊಡ್ಡಪ್ಪ ಎರಡೂ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡ. "ಡಾಕ್ಟ್ರು ಬ್ಯಾಡ ಅಂದಾರಲ್ಲಪ್ಪ" ಎಂದ. ಮರಿ ಅರಚುತ್ತಿತ್ತು. ಅವನು ಅದನ್ನೇ ನೋಡುತ್ತಾ ನಿಂತಿದ್ದು, "ಹಸ್ದೈತೆ. ತಗಂಡೋಗಿ ತಾಯಿ ಹತ್ರ ಬಿಡು" ಎಂದ. ಅವತ್ತು ಬೆಳಗಿನಿಂದ ಅವನೂ ಏನೂ ತಿಂದಿರಲಿಲ್ಲ.

ಮಾನ್ಯರೇ, ವಯಸ್ಸಾದವರನ್ನು ಹೊರಗೆ ಕಳಿಸುವ ಮುನ್ನ ಒಬ್ಬರು ಕುರ್ಚಿ ಎಳೆದುಕೊಂಡು ಕೂತು ಕೇಳಲಿ: ಹೇಗೆ ಹೋಗ್ತೀರಿ, ಯಾರು ಬೇಯಿಸಿ ಹಾಕ್ತಾರೆ, ದಿನಾ ಯಾರ ಜೊತೆ ಇರ್ತೀರಿ. ಉತ್ತರ ಬರುವ ತನಕ ಏಳದಿರಲಿ. ಕಳಿಸಿದ ಮೇಲೆ ವಾರದಲ್ಲಿ ಒಮ್ಮೆ ಫೋನ್ ಮಾಡಿ, ಉಂಡರೇ ಎಂದು ವಿಚಾರಿಸಲಿ. ಇದಕ್ಕೆಲ್ಲ ಆದೇಶ, ಸಭೆ, ಸಮಿತಿ ಬೇಕಾಗುತ್ತದೆ ಎನ್ನುತ್ತೀರಿ. ಆಗಲಿ, ಸಾವಕಾಶವಾಗಿ ಮಾಡಿ.

ಆದರೆ ಒಂದು ಕೆಲಸ ಇವತ್ತೇ ಮಾಡಿ. ನಿಮ್ಮ ಚೀಟಿಯ ಮೇಲೆ, ಮಾತ್ರೆ ಬರೆಯುವ ಅದೇ ಕೈಯಲ್ಲಿ, "ಈರಬಸಪ್ಪ ಮರಿಗಳ ಹತ್ತಿರ ಕೂರಬಹುದು" ಎಂದು ಬರೆದು ಸಹಿ ಹಾಕಿಕೊಡಿ. ಮಂದೆ ಆದಿವಾಲ ಬಿಟ್ಟು ಹೋಗುವುದರೊಳಗೆ ಕೊಡಿ. ನನ್ನ ಮಾತು ಅವನು ಕೇಳುವುದಿಲ್ಲ. ನಿಮ್ಮ ಮಾತು ಕೇಳಿಯೇ ಅವನು ಹೀಗಾಗಿದ್ದಾನೆ.

ಇಂತಿ,
ನಿಮ್ಮ ಕಾಗದಗಳಲ್ಲಿ "ರೋಗಿಯ ಕಡೆಯವರು" ಎಂದಷ್ಟೇ ಇರುವ
ನಾಗಶ್ರೀ, ಹಿರಿಯೂರು